ಒಂದು ಗೇಣಿನ ಲೆಕ್ಕ

ನನ್ನ ಸಿಟ್ಟು ಮೂಗಿನ ತುದಿ ಮ್ಯಾಲೇ ಇರ್ತದ ಅಂತ ನಮ್ಮನಿಯವರು ಮದುವಿ ಆದ ವರ್ಷದಿಂದ ಹೇಳ್ಕೋತ ಬಂದಾರ. ಸುಳ್ಳಲ್ಲ. ಯಾರರ ನಿಧಾನಕ್ಕ ಮಾತಾಡಿದ್ರ ಅವರ ಮಾತು ನಾನೇ ಮುಗಿಸಿಬಿಡ್ತೀನಿ. ಈ ಚಟಕ್ಕ ನನ್ನ ಕೈಬೆರಳು ಹೋಗಿದ್ರ ಇದನ್ನ ಬರೀತಿರಲಿಲ್ಲ. ಹೋದದ್ದು ಬ್ಯಾರೆಯಾಕೀದು.

ಹೊಸಪೇಟಿಯೊಳಗ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಅದ. ಮಿಲ್ಲು, ಪಂಪು, ಗಾಣ ಇಂಥಾವಕ್ಕ ಕಂಟ್ರೋಲ್ ಬೋರ್ಡ್ ಮಾಡಿಕೊಡೋದು ಕೆಲಸ. ಇರೋರು ಇಬ್ಬರೇ, ನಾನು ಮತ್ತ ವಡ್ಡು ಅನ್ನೋ ಊರಿನವರು ಒಬ್ಬರು. ಅವರು ಸಂಡೂರಿನ ಕಡೆ ಒಂದು ಅದಿರಿನ ಪ್ಲಾಂಟಿನ್ಯಾಗ ವರ್ಷಗಟ್ಟಲೆ ಬೆಲ್ಟು, ಮೋಟರು ನೋಡ್ಕೊಂಡು, ಕೆಂಪು ಧೂಳಿಗೆ ಕೆಮ್ಮು ಹತ್ತಿದ ಮ್ಯಾಲೆ ಬಿಟ್ಟು ಬಂದವರು. ವಯಸ್ಸಿನ್ಯಾಗ ನನಗಿಂತ ಹಿರಿಯರು, ಆದ್ರೂ ನನ್ನ ಮೇಡಂ ಅಂತಾರ. ನಾ ಅವರನ್ನ ಸರ್ ಅಂತೀನಿ, ಸಿಟ್ಟು ಬಂದಾಗ ಮಾತ್ರ 'ನಮ್ಮ ಸರ್ರು' ಅಂತ ಎಳೀತೀನಿ. ಆ ಎಳೆತ ಅವರಿಗೆ ಚೆನ್ನಾಗಿ ಗೊತ್ತದ.

ಹೋದ ವರ್ಷದ ಹಂಗಾಮಿಗೆ ಮೊದಲು ಕಂಪ್ಲಿ ಹತ್ರದ ಒಂದು ಬೆಲ್ಲದ ಗಾಣದ ಸಾವ್ಕಾರ್ರು ಬಂದ್ರು. ಅವರ ಗಾಣಕ್ಕ ಕಬ್ಬು ಕೊಡೋ ಹೆಣ್ಣುಮಗಳು ದಿನಾ ರೋಲರಿನ ಬಾಯಿ ಮುಂದ ಕೈ ಇಡ್ತಾಳ, ನೋಡಿದ್ರ ಎದಿ ಝಲ್ ಅಂತದ, ಏನರ ಮಾಡಿಕೊಡ್ರಿ ಅಂದ್ರು. ನಾ ಆಗಲೇ ಒಪ್ಪಿದೆ. ರೋಲರಿಗಿಂತ ಒಂದು ಗೇಣು ಮೊದಲು ಒಂದು ಅಡ್ಡಪಟ್ಟಿ. ಕೈ ಅದನ್ನ ತಳ್ಳಿತೋ, ಬೋರ್ಡ್ ಮೋಟರ್ ನಿಲ್ಲಿಸಬೇಕು. ಕೈ ಆ ಒಂದು ಗೇಣು ದಾಟೋದ್ರೊಳಗ ರೋಲರ್ ನಿಂತಿರಬೇಕು, ಅಷ್ಟೇ ಕೆಲಸ. ಆದ್ರ ಸಾವ್ಕಾರ್ರಿಗೆ ಮೋಟರ್ ಬಿಸಿ ಎಷ್ಟದ ಅಂತನೂ ಬೇಕು, ಪರದೆ ಮ್ಯಾಲ ಅಂಕಿನೂ ಬೇಕು, ಗಾಣ ನಿಂತ್ರ ಫೋನಿಗೆ ಮೆಸೇಜೂ ಬರಬೇಕು.

ಇದೆಲ್ಲ ಒಂದೇ ಚಿಪ್ ಮಾಡಬೇಕೋ, ಪಟ್ಟಿ ಕಾಯಾಕ ಅಂತನ ಇನ್ನೊಂದು ಚಿಪ್ ಬೇಕೋ? ಬೋರ್ಡ್ ಇನ್ನೂ ಹುಟ್ಟಿರಂಗಿಲ್ಲ, ಆಗಲೇ ಇದನ್ನ ತೀರ್ಮಾನ ಮಾಡಬೇಕು. ಒಂದೇ ಚಿಪ್ ಅಂದ್ರ ಒಬ್ಬಾಕಿನೇ ಅಡಿಗಿನೂ ಮಾಡಿ, ಬಾಗಿಲಿಗೆ ಬಂದವರನ್ನೂ ನೋಡಿದಂಗ. ಒಗ್ಗರಣಿ ಸಿಡಿಯೋ ಹೊತ್ತಿಗೆ ಯಾರರ ಬಾಗಿಲು ಬಡಿದ್ರ ಅವರು ನಿಲ್ಲಬೇಕು. ಎಷ್ಟು ಹೊತ್ತು ನಿಲ್ಲಬೇಕು ಅನ್ನೋದೇ ಪ್ರಶ್ನೆ. ಮಾಡದೇ ಇರೋ ಯಂತ್ರದ ವೇಗ ಮೊದಲೇ ತಿಳಿಯೋದು ಹೆಂಗ?

ನನ್ನ ದಾರಿ ಸಿಮ್ಯುಲೇಶನ್. ಗಾಣದಾಗ ಒಂದು ಇಡೀ ದಿನ ಕುಂತು, ಕಬ್ಬು ಯಾವಾಗ ಬರ್ತದ, ಮೋಟರ್ ಯಾವಾಗ ಬಿಸಿಯಾಗ್ತದ, ಎಲ್ಲಾ ಬರ್ಕೊಂಡು ಬಂದೆ. ಅದನ್ನ ಕಂಪ್ಯೂಟರಿಗೆ ಹಾಕಿ, ಇಲ್ಲದ ಬೋರ್ಡನ್ನ ಅದರೊಳಗೇ ಓಡಿಸಿದೆ. ಸಾವಿರಾರು ಸಲ ಓಡಿತು. ಎಲ್ಲಕ್ಕಿಂತ ತಡ ಆದ ಸಲನೂ ಕೈ ಅರ್ಧ ಗೇಣು ಹೋಗೋದ್ರಾಗ ರೋಲರ್ ನಿಂತಿತ್ತು. ಮಸ್ತ್ ಆತು ಅಂತ ನನಗ ನಾನೇ ಬೆನ್ನು ತಟ್ಟಿಕೊಂಡೆ.

ನಮ್ಮ ಸರ್ ದಾರಿ ಪೆನ್ಸಿಲ್ಲು, ಹಾಳಿ. ಏನೂ ಓಡಿಸಂಗಿಲ್ಲ. ಪ್ರತಿಯೊಂದು ಕೆಲಸಕ್ಕ ಹೆಚ್ಚಂದ್ರ ಎಷ್ಟು ಹೊತ್ತು ಹಿಡೀತದ ಅಂತ ಬರೀತಾರ, ಎಲ್ಲಾ ಕೆಲಸ ಒಮ್ಮೆಲೇ ಮೈಮ್ಯಾಲ ಬಿದ್ವು ಅಂತ ತಿಳ್ಕೊಂಡು ಕೂಡಿಸ್ತಾರ. ಕೂಡಿಸಿದ್ರ ಅವರ ಲೆಕ್ಕದಾಗ ಕೈ ಗೇಣು ದಾಟಿ ಒಂದು ಬೆರಳಿನಷ್ಟು ಒಳಗ ಹೋಗಿತ್ತು. ಎರಡು ಚಿಪ್ ಬೇಕ್ರಿ ಅಂದ್ರು.

ನನಗ ನಗು ಬಂತು. ಹೊಸಪೇಟಿಯಿಂದ ಕಂಪ್ಲಿಗೆ ಬಸ್ಸು ಎಷ್ಟೊತ್ತಿಗೆ ಮುಟ್ತದ ಅಂತ ಕೇಳಿದ್ರ ನಾ ಆದ್ರ ನೂರು ಸಲ ಬಸ್ ಹತ್ತಿ ನೋಡ್ತೀನಿ. ನಮ್ಮ ಸರ್ರು ಮನಿಯಾಗ ಕುಂತು ರೈಲ್ವೆ ಗೇಟು, ಕಬ್ಬಿನ ಟ್ರ್ಯಾಕ್ಟರು, ಪಂಕ್ಚರು, ದಾರಿಗೆ ಅಡ್ಡ ನಿಂತ ಎಮ್ಮಿ ಎಲ್ಲಾ ಒಂದೇ ದಿನಕ್ಕ ಕೂಡಿಸ್ತಾರ, ಇವರ ಲೆಕ್ಕ ನಂಬಿದ್ರ ಕಂಪ್ಲಿ ಮುಟ್ಟಿದವರೇ ಇಲ್ಲ ಅಂತ ಕಾಡಿಸಿದೆ. ಅವರೂ ನಕ್ಕರು. ಎರಡೂ ದಾರಿಗೆ ಒಂದೊಂದು ಊನ ಅದ, ಅದು ಇಬ್ಬರಿಗೂ ಗೊತ್ತಿತ್ತು. ಅವರದ್ದು ಆಗದೇ ಇರೋದಕ್ಕೂ ಅಂಜತದ. ನನ್ನದು ಕಂಡದ್ದನ್ನಷ್ಟೇ ನಂಬತದ, ಮತ್ತ ನಾ ಗಾಣದಾಗ ಕುಂತ ದಿನ ಕರೆಂಟ್ ಹೋಗೇ ಇರಲಿಲ್ಲ.

ಕಂಪ್ಲಿಗೆ ನಕ್ಷಾ ತೋರಿಸಾಕ ಹೊಂಟ ದಿನ ಗಾಡಿ ಹಂಪಿಗೆ ತಿರುಗಿಸಿದೆ. ಹೊಸದೇನೇ ಶುರು ಮಾಡಿದ್ರೂ ಮೊದಲು ಅಲ್ಲಿಯ ಹನುಮಪ್ಪನ ಮುಂದ ಇಡೋದು ನಮ್ಮನಿ ಪದ್ಧತಿ. ನಕ್ಷಾ ಇಟ್ಟು, ತೀರ್ಥ ತಗೊಂಡು, ಹಂಪಿ ಬಜಾರಿನ ಒಂದು ಕಲ್ಲು ಮಂಟಪದಾಗ ಚಹಾ ಕುಡಿಯಾಕ ಕುಂತ್ವಿ. ಜೋಡಿ ಬಂದಿದ್ದ ಸರ್ ಆ ಹಾಳಿ ಮತ್ತ ತೆಗದ್ರು. ಸಂಡೂರಿನಾಗ ನಾ ಕಂಡೀನ್ರಿ ಮೇಡಂ, ಕರೆಂಟ್ ಹೋಗಿ ಬಂದ ಗಳಿಗಿಗೆ ಎಲ್ಲಾ ಒಮ್ಮೆಲೇ ಏಳ್ತಾವು ಅಂತ ಶುರು ಮಾಡಿದ್ರು. ನಿಂತ ಮೆಸೇಜೆಲ್ಲ ಆಗ ಹೋಗ್ತಾವು, ಪರದೆ ಹೊಸದಾಗಿ ಹತ್ತತದ, ಮೋಟರ್ ಬಿಸಿ ಇರ್ತದ, ರೋಲರಿನ್ಯಾಗ ಕಬ್ಬು ಸಿಕ್ಕೊಂಡಿರ್ತದ. ಸಿಕ್ಕ ಕಬ್ಬನ್ನ ಆಯಮ್ಮ ಕೈಲೇ ತಳ್ತಾಳ.

"ಆಗ ಆಯಮ್ಮನ ಕೈ..." ಅಂದ್ರು.

"ಬಿಡ್ತು ಅನ್ರಿ ಸರ್," ಅಂದೆ ನಾನು.

ನಮ್ಮನಿಯೊಳಗ ಕೆಟ್ಟ ಮಾತು ಬಾಯಿಗೆ ಬಂದ್ರ ಹಂಗ ಅಂತಾರ. ಅಂದವರು ತಕ್ಷಣ 'ಬಿಡ್ತು' ಅನ್ನಬೇಕು, ಇಲ್ಲಾಂದ್ರ ಮ್ಯಾಲ ಓಡಾಡೋ ದೇವತೆಗಳು ಅಸ್ತು ಅಂದುಬಿಡ್ತಾರ. ಆಗಷ್ಟೇ ದೇವರ ಮುಂದ ಇಟ್ಟ ನಕ್ಷಾದ ಮ್ಯಾಲ ಇಂಥಾ ಮಾತು ಅಂತ ನನಗ ಖರೇನೇ ಸಿಟ್ಟು ಬಂದಿತ್ತು. ಸಿಟ್ಟಿನ ಜೋಡಿ ಒಂದು ಅನುಕೂಲನೂ ಇತ್ತು, ಅದನ್ನ ಇವತ್ತು ಮುಚ್ಚಿಡಂಗಿಲ್ಲ. ಎರಡು ಚಿಪ್ ಅಂದ್ರ ನಕ್ಷಾ ಮೊದಲಿಂದ ತಿದ್ದಬೇಕು, ಹಂಗಾಮು ಬಾಗಿಲಿಗೆ ಬಂದದ, ಸಾವ್ಕಾರ್ರಿಗೆ ನಾ ಆಗಲೇ ದಿನ ಹೇಳಿ ಕುಂತೀನಿ. ಅವರು ನನ್ನ ಮಾರಿ ಒಂದು ಗಳಿಗಿ ನೋಡಿ "ಬಿಡ್ತು" ಅಂದ್ರು. ಹಾಳಿ ಮಡಚಿ, ನಿಮ್ಮ ಹತ್ರ ಇರ್ಲಿ ಅಂತ ನನ್ನ ಕೈಯಾಗ ಕೊಟ್ಟರು. ಹೆದರಿಕಿ ಹೇಳೋದೂ ಶಾಪ ಹಾಕೋದೂ ಒಂದೇ ಅಂತ ನಾ ಆವತ್ತು ತಿಳ್ಕೊಂಡಿದ್ದೆ. ಕಲಿತ ಹೆಣ್ಣುಮಗಳು, ನೋಡ್ರಿ.

ಒಂದೇ ಚಿಪ್ಪಿನ ಬೋರ್ಡ್ ಹೋತು. ಹಂಗಾಮು ಶುರುವಾಗಿ ಮೂರನೇ ವಾರ, ಮುಂಜಾನಿ ಹನ್ನೊಂದರ ಸುಮಾರಿಗೆ ಸಾವ್ಕಾರ್ರ ಫೋನು ಬಂತು. ಕರೆಂಟ್ ಹೋಗಿ ಬಂದಿತ್ತು. ಆಕಿ ಸಿಕ್ಕ ಕಬ್ಬು ತಳ್ಳಿದ್ಲು. ಪಟ್ಟಿ ತಳ್ಳಿಸಿಕೊಂಡಿತು, ರೋಲರ್ ನಿಂತಿತು, ಆದ್ರ ತಡ ಆಗಿ. ಬಲಗೈಯ ಎರಡು ಬೆರಳು ಮೊದಲನೇ ಗೆಣ್ಣಿನ ತನಕ ಹೋಗಿದ್ವು. ಹೊಸಪೇಟಿ ದವಾಖಾನಿಗೆ ಕರ್ಕೊಂಡು ಬರಾಕತ್ತೀನಿ ಅಂದ್ರು.

ನಾವಿಬ್ಬರೂ ಹೋದ್ವಿ. ನಲವತ್ತರ ಹತ್ರದ ಹೆಣ್ಣುಮಗಳು, ಕೈಗೆ ಬಟ್ಟಿ ಸುತ್ತಿಕೊಂಡು ಮಂಚದ ಮ್ಯಾಲ ಕುಂತಿದ್ಲು. ಸಾವ್ಕಾರ್ರು ಕೆಟ್ಟವರಲ್ಲ, ಖರ್ಚೆಲ್ಲಾ ನಂದು ಅಂತ ಹೇಳಿದ್ರು, ಆದ್ರ ಲಕ್ಷ್ಯ ಇಟ್ಟು ಕೆಲಸ ಮಾಡವಾ ಅಂತ ಅಷ್ಟೂ ಮಂದಿ ಮುಂದ ಆಕಿಗೇ ಬುದ್ಧಿ ಹೇಳಿದ್ರು. ಆಕಿ ತಲಿ ಬಗ್ಗಿಸಿದ್ಲು. ಆಮ್ಯಾಲ ನನ್ನ ಕಡೆ ತಿರುಗಿ, ಮಷಿನ್ ತಾನ ನಿಂತಿದ್ದಕ್ಕ ಮುಂಗೈ ಉಳೀತು, ಹಿಂದಕ್ಕ ಎಳ್ಕೊಳ್ಳಾಕ ನನ್ನ ಕೈನ ನಿಧಾನ ಆತು, ನಿಮ್ಮ ಉಪಕಾರ ಮರಿಯಂಗಿಲ್ಲ ಅಂದ್ಲು.

ಸರ್ ಹೇಳ್ತಾರ ಅಂತ ಕಾದೆ. ಅವರು ನೆಲ ನೋಡ್ಕೊಂತ ನಿಂತಿದ್ರು, ಅದು ನಾ ಹೇಳೋ ಮಾತು ಅಂತ ನನಗೇ ಬಿಟ್ಟಿದ್ರು. ಮಂದಿ ಮಾತು ಮುಗಿಸೋ ನಾನು ಜೋಪಾನ ಅಂತಷ್ಟೇ ಹೇಳಿ ಹೊರಗ ಬಂದೆ. ಗಾಡಿಯಾಗ ಅವರು ಒಂದೇ ಮಾತು ಕೇಳಿದ್ರು, ಆ ಹಾಳಿ ಐತೇನ್ರಿ ಅಂತ. ಕಳದದ ಅಂದೆ. ನನ್ನ ಬ್ಯಾಗಿನ ಒಳಜೇಬಿನ್ಯಾಗ ಇತ್ತು.

ಬೋರ್ಡ್ ಬಿಚ್ಚಿ ತಂದು, ಆವತ್ತು ರೋಲರ್ ನಿಲ್ಲಿಸಾಕ ಎಷ್ಟು ಹೊತ್ತು ಹಿಡೀತು ಅಂತ ಅದರ ಮೆಮೊರಿಯಾಗ ಉಳಿದ ಲೆಕ್ಕ ತೆಗದು ನೋಡಿದ್ವಿ. ಸರ್‌ಗೆ ನೆನಪಿದ್ದ ಪೆನ್ಸಿಲ್ಲಿನ ಅಂಕಿಗೂ ಅದಕ್ಕೂ ಒಂದು ಕೂದಲಿನಷ್ಟೇ ಫರಕು. ವಾರದಾಗ ಎರಡು ಚಿಪ್ಪಿನ ಹೊಸ ಬೋರ್ಡ್ ಮಾಡಿ ಕೂರಿಸಿದ್ವಿ. ಸಾವ್ಕಾರ್ರು ಯಾಕ ಅಂತ ಕೇಳಿದ್ರು. ಸ್ವಲ್ಪ ಸುಧಾರಣಿ ಮಾಡೀವಿ ಅಂದೆ. ಛೇ, ಎಂಥಾ ನಾಲಿಗಿ ನನ್ನದು. ಸುಧಾರಣಿ ಅಂದ್ರ ಮೊದಲಿಂದೂ ಛಲೋನೇ ಇತ್ತು ಅಂತ ಅರ್ಥ. ಕಾಲೇಜಿನ ಹುಡುಗರಿಗೆ ಎರಡು ವಿಧಾನ ಹೋಲಿಸಿ ಪಾಠ ಹೇಳಾಕ ಕರದಾಗಲೂ ಎಲ್ಲಾ ಹೇಳಿದೆ, ಗಾಣದ ಹೆಸರು ಎತ್ತಲಿಲ್ಲ.

ಮುಂದಿನ ಹಂಗಾಮಿಗೆ ಬೋರ್ಡ್ ನೋಡಾಕ ನಾ ಒಬ್ಬಾಕಿನೇ ಕಂಪ್ಲಿಗೆ ಹೋದೆ. ಆಕಿಯನ್ನ ಬೆಲ್ಲದ ಅಚ್ಚು ಕಟ್ಟೋ ಕೆಲಸಕ್ಕ ಹಾಕಿದ್ರು. ಕಬ್ಬು ಕೊಡಾಕ ಹೊಸಬಳು ಬಂದಿದ್ಲು. ನಾ ಒಳಗ ಕಾಲಿಡೋ ಹೊತ್ತಿಗೆ ಆಕಿ ತನ್ನ ಮೋಟು ಬೆರಳು ಹೊಸಬಳಿಗೆ ತೋರಿಸಿ, ನನ್ನಂಗ ನಿಧಾನ ಮಾಡಬ್ಯಾಡವಾ, ಮಷಿನ್ ಛಲೋ ಐತಿ, ನಮ್ಮ ಕೈನ ಜಲ್ದಿ ಇರಬೇಕು ಅಂತ ಬುದ್ಧಿ ಹೇಳಾಕತ್ತಿದ್ಲು. ಹೊಸಬಳು ಹ್ಞೂಂ ಅಂತ ತಲಿ ಆಡಿಸ್ತಿದ್ಲು.

ಅಲ್ಲಿಂದ ಹಂಗೇ ತಿರುಗಿ ಬರಬೇಕು ಅನ್ನಿಸ್ತು. ಬರಲಿಲ್ಲ. ಆಕಿಯ ಹತ್ರ ನೆಲಕ್ಕ ಕುಂತು, ನಿನ್ನ ಕೈ ನಿಧಾನ ಆಗಿರಲಿಲ್ಲ ತಂಗಿ, ಬೋರ್ಡ್ ನಿಧಾನ ಇತ್ತು, ಹಿಂಗಾಗ್ತದ ಅಂತ ನಮ್ಮ ಸರ್ ಮೊದಲೇ ಬರದು ಕೊಟ್ಟಿದ್ರು, ನಾನೇ ಅವರ ಬಾಯಿ ಮುಚ್ಚಿಸಿದೆ ಅಂತ ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಆಕಿ ಬೈತಾಳ ಅಂದ್ಕೊಂಡಿದ್ದೆ. ಅಳ್ತಾಳ ಅಂತನೂ ಅಂದ್ಕೊಂಡಿದ್ದೆ. ಆಕಿ ಕೈಯಾಗಿನ ಅಚ್ಚು ಕೆಳಗಿಟ್ಲು.

"ಆವತ್ತ ದವಾಖಾನಿಯಾಗ ಹೇಳಬೇಕಿತ್ರಿ ಅಕ್ಕಾರ," ಅಂದ್ಲು. "ಒಂದು ವರ್ಷ ಆತು, ಮಲಗುವಾಗ ಏಳುವಾಗ ನನ್ನ ಕೈನ ನಾ ಬೈಕೊಂತ ಬಂದೀನಿ."