ಬಾಗಿಲ ಹಿಂದೆ ಅಂಟಿಸಿದ ಅಂಕಿ

ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯ ನಂಬರ್ 14641. ಅದನ್ನು ನೋಡಿದಾಗಲೆಲ್ಲ ಈಗಲೂ ಹೇಸಿಗೆಯಾಗುತ್ತದೆ. ತಪ್ಪು ಆ ಸಂಖ್ಯೆಯದಲ್ಲ, ಪಾಪ.

ಕೊರೊನಾದ ಎರಡನೇ ವರ್ಷ ಮನೆ ನೋಡಲು ಹೋದಾಗ ಹನ್ನೊಂದು ವರ್ಷದ ಮಗಳು ಒಳಗೇ ಬರಲಿಲ್ಲ. ಮೇಲ್‌ಬಾಕ್ಸ್ ಮುಂದೆ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದಳು.

"ಅಮ್ಮಾ, ಹಿಂದಿಂದ ಓದಿದ್ರೂ ಸೇಮ್. ಮತ್ತೆ ಇದು ಫೋರ್ ಇಲೆವೆನ್ಸ್ ಮಲ್ಟಿಪ್ಲೈ ಮಾಡಿದ್ದು. ನನ್ ಏಜ್!"

ಮೈಸೂರಿನಲ್ಲಿ ಆರು ವರ್ಷ ಹೈಸ್ಕೂಲಿಗೆ ಗಣಿತ ಹೇಳಿಕೊಟ್ಟು, ಗಂಡನ ವೀಸಾದ ಬೆನ್ನಿಗೆ ಬಂದು ಇಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ನಾನು. ಎದೆ ಉಬ್ಬಿತು. ಅಲ್ಲೇ ಬರೆದು ತೋರಿಸಿದೆ: 121, 1331, 14641. ಇನ್ನೊಂದು ಸಲ ಹನ್ನೊಂದರಿಂದ ಗುಣಿಸಿದರೆ ದಶಕ ಪಕ್ಕದ ಸ್ಥಾನಕ್ಕೆ ಹೋಗಿ 161051 ಆಗುತ್ತದೆ, ಆ ಅಂದ ಕೆಡುತ್ತದೆ. "ಸಂಖ್ಯೆ ಯಾರ ಮುಲಾಜೂ ನೋಡಲ್ಲ ಪುಟ್ಟಿ, ಅದು ಏನೋ ಅದೇ" ಎಂದೆ.

ಸಂಜೆ ಗಂಡ ಪರಿಚಯದ ಅಂಕಲ್ ಒಬ್ಬರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದ. ಪಿಎಚ್‌ಡಿ ಮಾಡಿ, ರಿಟೈರಾದ ಮೇಲೆ ಸಂಖ್ಯಾಶಾಸ್ತ್ರ ಹಿಡಿದು ಕೂತ ಮನುಷ್ಯ. ಏನನ್ನೋ ಚಪ್ಪರಿಸುತ್ತಲೇ ಅಂಕಿಗಳನ್ನು ಕೂಡಿದರು. "ಹದಿನಾರು. ಅಂದ್ರೆ ಏಳು. ಕೇತು ಕಣಪ್ಪಾ. ಮನೇಲಿ ಹೆಂಗಸರ ಮಾತು ಜಾಸ್ತಿಯಾಗುತ್ತೆ."

ದಿನವಿಡೀ ಡೇಟಾ ಸೈನ್ಸ್ ಮಾಡುವ ಗಂಡ ಹೂಂಗುಟ್ಟಿದ.

"ಪರಿಹಾರ ಇದೆ. ಬಾಗಿಲ ಒಳಗಡೆ ಎರಡರ ಅಂಕಿ ಅಂಟಿಸಿ, ಕೂಡಿದ್ರೆ ಒಂಬತ್ತಾಗುತ್ತೆ. ನಿನ್ನ ಹೆಂಡ್ತಿ ಕೈಯಿಂದ್ಲೇ ಆಗ್ಬೇಕು."

ಫೋನಿಟ್ಟು ಗಂಡ ಕೇಳಿದ, "ಅಂಟಿಸ್ತೀಯಾ? ಇಲ್ಲಾಂದ್ರೆ ಈ ಮನೆ ಕೊಳ್ಳೋಕೆ ನಾನು ಆಫರ್ ಹಾಕಲ್ಲ."

ನಮ್ಮ ಒಂದು ರೂಮಿನ ಅಪಾರ್ಟ್‌ಮೆಂಟಿನಲ್ಲಿ ಮಗಳು ವರ್ಷವಿಡೀ ಬಟ್ಟೆಯ ಕ್ಲೋಸೆಟ್‌ನೊಳಗೆ ಕೂತು ಆನ್‌ಲೈನ್ ಕ್ಲಾಸ್ ಕೇಳಿದ್ದಳು. ಅವಳಿಗೊಂದು ರೂಮು ಬೇಕಿತ್ತು. ಅಂಟಿಸ್ತೀನಿ ಅಂದೆ.

ಗೃಹಪ್ರವೇಶದ ದಿನ ಹಿತ್ತಾಳೆ ಬಣ್ಣದ ಅಂಕಿಗೆ ಅರಿಶಿನ ಕುಂಕುಮ ಹಚ್ಚಿ ನಾನೇ ಅಂಟಿಸಿದೆ. ಅಂಕಲ್ ಹೋಳಿಗೆ ತಿಂದ ತುಪ್ಪದ ಕೈಯಲ್ಲೇ ನನ್ನ ಬೆನ್ನು ತಟ್ಟಿ "ಗುಡ್ ಗರ್ಲ್" ಅಂದರು. ಥೂ. ಆ ಸೀರೆಯನ್ನು ನಾನು ಮತ್ತೆ ಉಡಲಿಲ್ಲ.

ಮಗಳು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. "ಈಗ ಅದು 146412. ಇಲೆವೆನ್‌ನಿಂದ ಡಿವೈಡೇ ಆಗಲ್ಲ" ಎಂದಳು.

"ಹೊರಗಡೆ ಹಾಗೇ ಇದೆಯಲ್ಲ ಪುಟ್ಟಿ."

"ಆದ್ರೆ ನೀನು ಮ್ಯಾಥ್ ಟೀಚರ್ ಅಲ್ವಾ?"

ಅಂಕಲ್ ಮೇಲೆ, ಗಂಡನ ಮೇಲೆ ಇದ್ದ ಅಸಹ್ಯವೆಲ್ಲ ಆ ಕ್ಷಣ ನನ್ನ ಮೇಲೆಯೇ ತಿರುಗಿತು. ಹೋಳಿಗೆ ಬಡಿಸಲು ಹೋದೆ.

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ಸ್ವಂತ ರೂಮಿದೆ, ಬಾಗಿಲು ಹಾಕಿಕೊಂಡು ಲೆಕ್ಕ ಮಾಡುತ್ತಾಳೆ. ತಿಳಿಯದಿದ್ದರೆ ಆನ್‌ಲೈನ್‌ನಲ್ಲಿ ಯಾರನ್ನೋ ಕೇಳುತ್ತಾಳೆ. ನನ್ನನ್ನು ಕೇಳುವುದಿಲ್ಲ.