ಉಚ್ಚಂಗೆವ್ವ ಕಾದಿಟ್ಟ ಇದ್ದಿಲು

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ಒಳದಾರಿಯಲ್ಲಿ ಕೆಂಗುಡ್ಡ ಸಿಗುತ್ತದೆ. ಗುಡ್ಡದ ಮೈಮೇಲೆ ಮೆಟ್ಟಿಲಿನಂತೆ ಮೂರು ಓಣಿ, ನೆತ್ತಿಯಲ್ಲಿ ಪಾಳೆಯಗಾರರ ಕಾಲದ ಮುರುಕು ಬುರುಜು. ಪಡುವಣಕ್ಕೆ ಬಿದ್ದ ಮಳೆ ವರದೆಗೆ, ಮೂಡಣದ್ದು ತುಂಗಭದ್ರೆಗೆ. ಬುರುಜಿನ ಕೆಳಗೆ, ಹಿಂದೆ ಕಾವಲಿನವರು ಬಂಡೆ ಕೊರೆದು ಮಾಡಿಕೊಂಡ ನೀರಿನ ಹೊಂಡವಿದೆ. ಊರವರು ಅದಕ್ಕೆ ದೋಣಿ ಎನ್ನುತ್ತಾರೆ. ಬೇಸಿಗೆಯಲ್ಲೂ ಬತ್ತದ ನೀರು ಗುಡ್ಡದಲ್ಲಿ ಅದೊಂದೇ.

ಆ ದೋಣಿ ಉಚ್ಚಂಗೆವ್ವನ ತಂದೆ ತಿರಕಪ್ಪನ ಹೊಲದಲ್ಲಿತ್ತು. 1991ರ ಒಂದು ಬೆಳಿಗ್ಗೆ ಆತ ಕುರಿ ಹೊಡೆದುಕೊಂಡು ಬಂದಾಗ ಗಡಿಕಲ್ಲು ಇಪ್ಪತ್ತು ಮಾರು ಸರಿದಿತ್ತು. ದೋಣಿ ಪಕ್ಕದ ಜಮೀನಿಗೆ ಸೇರಿತ್ತು. ಆ ಜಮೀನನ್ನು ಹಿಂದಿನ ವರ್ಷವಷ್ಟೇ ಕೊಂಡಿದ್ದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಾಗಪ್ಪ.

"ಕಲ್ಲಿಗೇನ ಕಾಲ ಬಂದಾವೇನೋ ತಿರಕ್ಯಾ?" ಎಂದು ಊರ ಮುಂದೆ ನಕ್ಕು, ದೋಣಿಗೆ ಮುಳ್ಳುಬೇಲಿ ಹಾಕಿಸಿದ.

ತಿರಕಪ್ಪ ನೀರಿಗಾಗಿ ಕುರಿಗಳನ್ನು ಬುಡದ ಹಳ್ಳಕ್ಕೆ ಇಳಿಸತೊಡಗಿದ. ಎರಡನೇ ಬೇಸಿಗೆಯಲ್ಲಿ ಆ ಕಡಿದಾದ ದಾರಿಯಲ್ಲಿ ಜಾರಿ ಸೊಂಟ ಮುರಿದುಕೊಂಡ. ಏಳು ವರ್ಷ ಹಾಸಿಗೆಯಲ್ಲೇ ಇದ್ದು ಸತ್ತ. ಸಾಯುವ ಮುನ್ನ ಮಗಳಿಗೆ ಒಂದು ಗುಟ್ಟು ಹೇಳಿದ. ಗಡಿಕಲ್ಲು ನೆಡುವಾಗ ಕುಳಿಯ ತಳಕ್ಕೆ ಇದ್ದಿಲು ಸುರಿಯುವುದು ಆ ಗುಡ್ಡದ ರೈತರ ಹಳೆಯ ರೂಢಿ. ಇದ್ದಿಲು ಕೊಳೆಯುವುದಿಲ್ಲ. ಕಲ್ಲು ಕಿತ್ತವನು ಪೇಟೆಯವನು, ಅವನಿಗೆ ಇದು ಗೊತ್ತಿರಲಿಲ್ಲ.

"ಈಗ ಅಗೀಬ್ಯಾಡ. ಅಗದ್ರ ಅದನ್ನೂ ಎತ್ತಿ ಒಗೀತಾರ. ಸರಕಾರದವ್ರು ಅಳ್ಯಾಕ ಬಂದ ದಿನ ಅಗಸು."

ಸರ್ಕಾರ ಬರಲಿಲ್ಲ. ಉಚ್ಚಂಗೆವ್ವ ದಿನಾ ಹಳೆಯ ಗಡಿಕಲ್ಲಿದ್ದ ಜಾಗ ದಾಟಿಯೇ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಗುಮಾನಿ ಬಂದೀತೆಂದು ಒಮ್ಮೆಯೂ ಅಲ್ಲಿ ನಿಲ್ಲಲಿಲ್ಲ.

ಕಳೆದ ವರ್ಷ ನಾಗಪ್ಪ ಜಮೀನನ್ನು ಗಾಳಿಯಂತ್ರದ ಕಂಪನಿಗೆ ಮಾರಲು ಹೊರಟ. ಅದಕ್ಕೆ ಸರ್ವೆ ಆಗಬೇಕು, ಪಕ್ಕದ ಹೊಲದವರ ಒಪ್ಪಿಗೆಯೂ ಬೇಕು. ಸರ್ವೆಯರ್ ದೀಪಿಕಾ ಗುಡ್ಡ ಹತ್ತಿ ಬಂದ ದಿನ, ಐವತ್ತೈದರ ಉಚ್ಚಂಗೆವ್ವನಿಗೆ ಅವನೇ ಹೇಳಿಕಳಿಸಿದ.

"ಬಾರವ್ವ, ಲಗೂ ಹೆಬ್ಬಟ್ಟ ಒತ್ತಿ ಹೋಗು."

"ಒತ್ತೋಣಂತ ಸಾವ್ಕಾರ್ರ. ಮದ್ಲ ನಿಮ್ಮ ಕಲ್ಲಿನ ಬುಡ ಅಗಸ್ರಿ."

ಅಗೆದರು. ಬರೀ ಕೆಮ್ಮಣ್ಣು. ಅವಳು ಇಪ್ಪತ್ತು ಮಾರು ನಡೆದು ಹೋಗಿ, ಹಿಮ್ಮಡಿಯಿಂದ ನೆಲದ ಮೇಲೆ ಗೀರು ಎಳೆದಳು. ಎರಡು ಮೊಳ ಅಗೆಯುವಷ್ಟರಲ್ಲಿ ಸನಿಕೆಯ ತುದಿಗೆ ಕಪ್ಪು ಹತ್ತಿತು. ಬೊಗಸೆ ತುಂಬ ಇದ್ದಿಲು. ದೀಪಿಕಾ ಹಳೆಯ ನಕ್ಷೆ ಬಿಚ್ಚಿ, ಬುರುಜಿನಿಂದ ಎರಡು ಸಲ ಅಳೆದಳು. ಗಡಿ ಅಲ್ಲೇ ಬಿತ್ತು. ದೋಣಿ ತಿರಕಪ್ಪನ ಹೊಲದೊಳಗೆ ಎಂದು ಪಂಚನಾಮೆ ಬರೆದಳು.

"ಮೂವತ್ಮೂರು ವರ್ಷ ಯಾಕ ಸುಮ್ನಿದ್ದಿ?" ನಾಗಪ್ಪ ಕೇಳಿದ.

"ಸರಕಾರದವ್ರನ್ನ ನಿಮ್ಮ ಬಾಯಿಲೇನ ಕರೀಲಿ ಅಂತ ಕಾಯಾಕತ್ತಿದ್ನಿರಿ."

ಆಳುಗಳು ಬೇಲಿ ಕಿತ್ತರು. ಬಿಸಿಲಿಗೆ ಬಂಡೆ ಕಾದಿತ್ತು. ಎಪ್ಪತ್ನಾಲ್ಕರ ನಾಗಪ್ಪ ಅಲ್ಲೇ ಕುಳಿತು ಕೈಚಾಚಿದ. "ಒಂದೀಟು ನೀರು ಕೊಡವ್ವ."

ಉಚ್ಚಂಗೆವ್ವ ದೋಣಿಯಿಂದ ತುಂಬಿದ ಕೊಡವನ್ನು ಕುರಿಗಳ ಬಾನಿಗೆ ಸುರಿದಳು.

"ಇದು ಕುರಿಗಿ. ನಿಮಗ ಕೆಳಗ ಹಳ್ಳ ಐತಲ್ರಿ. ನಮ್ಮಪ್ಪ ಇಳದ ದಾರಿ, ಖರೇ ಮರತಿಲ್ಲಲ್ಲ?"

ಇಬ್ಬರು ಆಳುಗಳ ಹೆಗಲು ಹಿಡಿದು ನಾಗಪ್ಪ ಇಳಿಯತೊಡಗಿದ. ಅವನು ಬುಡ ಮುಟ್ಟುವವರೆಗೂ ಅವಳು ಕೊಡವನ್ನು ಟೊಂಕದಲ್ಲಿಟ್ಟುಕೊಂಡು ನೋಡುತ್ತ ನಿಂತಿದ್ದಳು.