ಗಾಳಿ ಹಿಡಿದ ಪಿಕಪ್

ಕಳೆದ ಮಂಗಳವಾರ ಬೆಳಿಗ್ಗೆ, ಚೆಂಬೂರಿನಿಂದ ಕಾಂದಿವಲಿಯ ಹೋಟೆಲುಗಳಿಗೆ ಇಡ್ಲಿ ಹಿಟ್ಟು ಸಾಗಿಸುತ್ತಿದ್ದ ಡೀಸೆಲ್ ಪಿಕಪ್ ಕುರ್ಲಾದ ಮೇಲ್ಸೇತುವೆಯ ಏರಿನಲ್ಲಿ ಬಂದ್ ಬಿತ್ತು. ಯಾರಿಗೂ ಗಾಯವಾಗಲಿಲ್ಲ.

ಪತ್ರಿಕೆಯ ಸುದ್ದಿಮೇಜಿನಲ್ಲಿದ್ದ ಕಾಲದಲ್ಲಿ ನಾನು ಇಂಥದ್ದನ್ನು ಓದದೆಯೇ ಬದಿಗಿಡುತ್ತಿದ್ದೆ. ಆದರೆ ಸ್ಟೇರಿಂಗ್ ಹಿಡಿದಿದ್ದವರು ನನ್ನ ಅಕ್ಕನ ಗಂಡ. ಲೋಕಲ್ ರೈಲಿನ ನೂಕುನುಗ್ಗಲಿಗೆ ಹೆದರಿ ಪಕ್ಕದ ಸೀಟಿನಲ್ಲಿ ಸುಖವಾಗಿ ಕೂತಿದ್ದವನು ನಾನು. ಆವತ್ತು ಕೈ ಒರೆಸಿದ ಕರವಸ್ತ್ರ ಒಗೆದ ಮೇಲೂ ಡೀಸೆಲ್ ನಾರುತ್ತದೆ. ಜೇಬಿನಿಂದ ತೆಗೆದಾಗಲೆಲ್ಲ ಮಡಚಿ ಮತ್ತೆ ಒಳಗಿಡುತ್ತೇನೆ.

ಏರಿನಲ್ಲಿ ನಿಂತ ಗಾಡಿಯ ಬ್ರೇಕ್ ಹೇಗಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಎಂಜಿನ್ ಸತ್ತ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಸ್ಟೇರಿಂಗೂ ತಿರುಗುವುದಿಲ್ಲ. ಹಿಂದಿನ ಡ್ರಮ್ಮುಗಳಲ್ಲಿ ಹಿಟ್ಟು ಒಮ್ಮೆ ತುಳುಕಿತು, ಗಾಡಿ ಹಿಂದಕ್ಕೆ ಸರಿಯಿತು. ಕನ್ನಡಿಯ ತುಂಬ ಒಂದು ಎಣ್ಣೆ ಟ್ಯಾಂಕರಿನ ಮುಖ.

"ಭಾವ, ಇಳಿ. ಸೀಟಿನಡಿ ಮರದ ತುಂಡು ಉಂಟು. ಚಕ್ರಕ್ಕೆ ಕೊಡು," ಎಂದರು ಭಾವ. ನಮ್ಮ ಕಡೆ ಅವರಿಗೂ ನಾನು ಭಾವ, ನನಗೂ ಅವರು ಭಾವ. ದನಿ ಏರಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ ಕೈ ಮಾತ್ರ ಬಿಳಿಚಿತ್ತು.

ನಾನು ತುಂಡು ಕೊಟ್ಟೆ. ಗಾಡಿ ಅದರ ಮೇಲೆ ಹತ್ತಲು ನೋಡಿ ನಿಂತಿತು. ಟ್ಯಾಂಕರಿಗೂ ನಮಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನಿಲ್ಲುವಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ನಾನಿದ್ದೆ.

ಈ ಗಾಡಿಯ ಕಾಯಿಲೆ ಹೊಸದಲ್ಲ. ಮಳೆಗಾಲ ಮುಗಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಗೋಳಾಡುತ್ತಿತ್ತು. ಕೀ ತಿರುಗಿಸಿದರೆ ಮುದುಕರು ಕೆಮ್ಮಿದಂತೆ ಕೆಮ್ಮಿ ಸುಮ್ಮನಾಗುವುದು. "ಅದಕ್ಕೆ ಚಳಿ," ಎಂದು ಭಾವ ಹೇಳುತ್ತಿದ್ದರು, ಚೆಂಬೂರಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ. ಬ್ಯಾಟರಿ ಬದಲಾಯಿತು, ಡೀಸೆಲ್ ಫಿಲ್ಟರ್ ಬದಲಾಯಿತು, ಕೆಮ್ಮು ಹೋಗಲಿಲ್ಲ. ಕೊನೆಗೆ ಕುರ್ಲಾದಲ್ಲಿ ಗ್ಯಾರೇಜ್ ಇಟ್ಟಿರುವ ಈರಣ್ಣನ ಹತ್ತಿರ ಹೋದರು. ಅವನು ವಿಜಯಪುರದ ಕಡೆಯವನು. ಬಾನೆಟ್ಟಿನೊಳಗೆ ತಲೆ ಹಾಕಿ ಹೇಳಿದನಂತೆ: "ಲೈನಿಗೆ ಗಾಳಿ ಹಿಡದೈತ್ರಿ ಅಣ್ಣಾರ. ರಾತ್ರಿ ಡೀಸೆಲ್ ಎಲ್ಲಾ ಟ್ಯಾಂಕಿಗೆ ವಾಪಸ್ ಇಳೀತೈತಿ."

ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿತ್ತು. ಬಿಗಿ ಮಾಡಿದ. ಗಾಡಿ ಸರಿಹೋಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಭಾವ ಮನೆಗೆ ಬಂದು ನಗುತ್ತ, "ನಮ್ಮ ಗಾಡಿಗೆ ಗಾಳಿ ಹಿಡಿದದ್ದಂತೆ ಮಾರಾಯ್ತಿ," ಎಂದರು. ಅಕ್ಕ ನಗಲಿಲ್ಲ.

ಅವಳು ಏಕೆ ನಗಲಿಲ್ಲವೆಂದು ನನಗೆ ಗೊತ್ತು. ನಮ್ಮ ಅಪ್ಪನೂ ಟೆಂಪೊ ಓಡಿಸುತ್ತಿದ್ದರು. ಆಗ ನಾವು ಕುರ್ಲಾದ ಚಾಳ್‌ನ ಸಾಲುಕೋಣೆಯೊಂದರಲ್ಲಿದ್ದೆವು. ಆ ಟೆಂಪೊವೂ ಬೆಳಿಗ್ಗೆ ಕೆಮ್ಮುತ್ತಿತ್ತು. ಅಕ್ಕ ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ನಿಂತು ಎಂಜಿನ್ ಹತ್ತುವ ಸದ್ದು ಕೇಳಿದ ಮೇಲೆಯೇ ಒಳಗೆ ಬರುತ್ತಿದ್ದಳು. ಒಂದು ದಿನ ಹಾಗೆ ಹೊರಟ ಟೆಂಪೊ ಎಲ್ಲೋ ಏರಿನಲ್ಲಿ ನಿಂತು ಹಿಂದಕ್ಕೆ ಜಾರಿತು. ಅಪ್ಪ ಬರಲಿಲ್ಲ. ಚಾಳ್‌ನಲ್ಲಿ ನಮ್ಮೂರಿನವರೆಲ್ಲ ಸೇರಿ, ಆ ಗಾಡಿಗೆ ಗಾಳಿ ಸೋಕಿತ್ತು ಎಂದರು. ಅವರ ಮಾತಿನ ಗಾಳಿಗೆ ಕಾಲಿರಲಿಲ್ಲ, ಕೂದಲು ಬಿಚ್ಚಿಕೊಂಡಿತ್ತು. ಬಾನೆಟ್ ತೆರೆದು ನೋಡಿದವರು ಯಾರೂ ಇಲ್ಲ. ಮುಂದೆ ನಾನು ಯಾರು, ಎಲ್ಲಿ, ಯಾಕೆ ಎಂದು ಕೇಳುವ ಕೆಲಸ ಹಿಡಿದೆ. ಆ ಟೆಂಪೊದ ಬಗ್ಗೆ ಮಾತ್ರ ಯಾರನ್ನೂ ಏನನ್ನೂ ಕೇಳಿದ್ದಿಲ್ಲ.

ಸೇತುವೆಯ ಮೇಲೆ ಭಾವ ಬಾನೆಟ್ ಎತ್ತಿ, ಫಿಲ್ಟರಿನ ತಲೆಯ ಮೇಲಿನ, ಡೀಸೆಲ್ ಎಳೆಯುವ ಕೈಪಂಪನ್ನು ಒತ್ತತೊಡಗಿದರು. ಅದು ಖಾಲಿ ಚೀಲದಂತೆ ಮೆತ್ತಗಿತ್ತು. ಅವರ ಕೈ ಸೋತಾಗ ನಾನು ಒತ್ತಿದೆ. ಕರವಸ್ತ್ರ ಹಾಳಾದದ್ದು ಆಗಲೇ. ಟ್ಯಾಂಕರಿನವನು ಕೂಗಿದ: "ಅರೆ ಚಾಚಾ, ಇಧರ್‌ಇಚ್ ಘರ್ ಬಸಾಯೇಗಾ ಕ್ಯಾ?" ಇಲ್ಲೇ ಸಂಸಾರ ಹೂಡುತ್ತೀಯಾ ಎಂದು. ಪಂಪು ನಿಧಾನವಾಗಿ ಗಟ್ಟಿಯಾಯಿತು. ಎಂಜಿನ್ ಹತ್ತಿತು. ಸೇತುವೆ ಇಳಿದು ನೇರ ಈರಣ್ಣನಲ್ಲಿಗೆ ಹೋದೆವು. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ನಾನು ಎಂಜಿನ್ನಿನ ಉಸಿರು ಎಣಿಸುತ್ತಿದ್ದೆ.

ಈರಣ್ಣ ಫಿಲ್ಟರಿನ ಮುಂದೆ ಒಂದು ಪಾರದರ್ಶಕ ಪೈಪ್ ಸೇರಿಸಿ ಎಂಜಿನ್ ಓಡಿಸಿದ. ಡೀಸೆಲ್ಲಿನ ಜೊತೆ ಗುಳ್ಳೆಗಳು ಸಾಲಾಗಿ ಹೋದವು. ಅವನು ರಬ್ಬರ್ ಪೈಪನ್ನು ಬೆರಳಿನಿಂದ ಸವರುತ್ತ ಹೋಗಿ ಒಂದು ಕಡೆ ನಿಂತ.

"ಇದನ್ನ ಯಾರು ಕಟ್ಯಾರ್ರಿ?"

ಪೈಪಿನ ಕೆಳಗೆ ಒಂದು ತಾಯತ. ತಾಮ್ರದ ತಂತಿಯಿಂದ ಬಿಗಿಯಾಗಿ ಕಟ್ಟಿತ್ತು. ಗಾಡಿಯ ಅದುರಾಟಕ್ಕೆ ತಂತಿ ರಬ್ಬರನ್ನು ಸೀಳಿತ್ತು.

ಭಾವ ನನ್ನ ಮುಖ ನೋಡಲಿಲ್ಲ. "ಗಾಳಿ ಎಲ್ಲಿ ಹಿಡಿದದ್ದು, ತೋರಿಸಿ ಅಂತ ನಿನ್ನಕ್ಕ ಕೇಳಿದ್ದಳು. ತೋರಿಸಿದೆ," ಎಂದರು. "ನೂಲಾದರೆ ಎಂಜಿನ್ ಬಿಸಿಗೆ ಸುಟ್ಟೀತು ಅಂತ ತಂತಿಯಲ್ಲಿ ಕಟ್ಟಿದಳು."

"ಗಾಳಿ ಓಡಸಾಕ್ ಹೋಗಿ ಬಾಗ್ಲಾ ತಗದಾರ್ ನೋಡ್ರಿ," ಎಂದು ಈರಣ್ಣ ನಕ್ಕ. ನಾವು ನಗದಿದ್ದುದನ್ನು ಕಂಡು ಪೈಪ್ ಬಿಚ್ಚಲು ಕೂತ.

ಮನೆಯಲ್ಲಿ ಹೇಳಬಾರದೆಂದು ಮಾತಾಗಿತ್ತು. ಆದರೆ ಭಾವನ ಅಂಗಿ ಜೇಬಿನಲ್ಲಿ ತಾಯತ ಅಕ್ಕನಿಗೆ ಸಿಕ್ಕಿತು. ಕೇಳಿದಳು, ಹೇಳಿದರು. ಅವಳು ತಂತಿಯ ತುದಿಯನ್ನು ಬೆರಳಿಗೆ ಒತ್ತಿ ನೋಡಿದಳು.

"ಹಾಗಾದರೆ ನಾನೇ ನಿಮ್ಮನ್ನು..."

"ಎಂತ ಇಲ್ಲ ಮಾರಾಯ್ತಿ. ರಬ್ಬರೇ ಹಳತು."

"ಅಪ್ಪನ ಗಾಡಿಗೆ ಯಾರು ಎಂತ ಕಟ್ಟಿದ್ದರು?" ಎಂದು ಅವಳು ನನ್ನನ್ನು ಕೇಳಿದಳು.

ಈಗ ಪಿಕಪ್ಪಿಗೆ ಹೊಸ ಪೈಪ್ ಇದೆ. ತಾಯತ ಕನ್ನಡಿಗೆ ತೂಗುತ್ತಿದೆ, ನೂಲಿನಲ್ಲಿ. ಇಂದು ಬೆಳಿಗ್ಗೆ ಒಂದೇ ಕೀಗೆ ಎಂಜಿನ್ ಹತ್ತಿತು. ಗ್ಯಾಲರಿಯಲ್ಲಿ ಅಕ್ಕನ ಪಕ್ಕ ನಿಂತು ನಾನೂ ಆ ಸದ್ದು ಕೇಳಿದೆ. ಹಿಟ್ಟು ಕಾಂದಿವಲಿ ತಲುಪಿದೆ ಎಂದು ಹೋಟೆಲಿನವರು ಫೋನ್ ಮಾಡಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಭಾವ ವಾಪಸ್ ಬಂದಿಲ್ಲ.